ಹದಿಮೂರನೆಯ ಕ್ಯಾಸೆಟ್ಟಿನ ನಗು

ಕನ್ನಡಕದಂಗಡಿಯವರ ಹೆಂಡತಿ ತೀರಿಕೊಂಡು ಮೂರು ವಾರವಾಗಿತ್ತು. ಆಕೆಯ ಜೊತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಹಳೆಯ ಗೆಳತಿಯೊಬ್ಬಳು ಸುದ್ದಿ ತಿಳಿದು ಅಂಗಡಿಗೇ ಬಂದಳು. ಕೌಂಟರಿನ ಮುಂದಿನ ಸ್ಟೂಲಿನಲ್ಲಿ ಕೂತು ಕಣ್ಣೊರೆಸಿಕೊಂಡು, ಇದ್ದಕ್ಕಿದ್ದಂತೆ ಅಂದಳು: "ಅವಳ ನಗು ಮರೆಯೋಕಾಗತ್ತಾ ಅಣ್ಣಾ? ಎಕ್ಸ್‌ಚೇಂಜಲ್ಲಿ ಅವಳನ್ನ ನಾವು ಕರೀತಿದ್ದಿದ್ದೇ ಗುಡುಗು ಅಂತ."

ಕನ್ನಡಕದಂಗಡಿಯವರು ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟರು.

"'ಮೇಲ್ಮಹಡಿಯ ಮಾವ' ಅಂತ ಟೀವೀಲಿ ಬರ್ತಿತ್ತಲ್ಲ, ಜನರನ್ನ ಕೂರಿಸ್ಕೊಂಡೇ ಅದನ್ನ ರೆಕಾರ್ಡ್ ಮಾಡ್ತಿದ್ರು. ನಮಗೂ ಪಾಸು ಬಂದಿತ್ತು. ಹನ್ನೊಂದು ಜನ ಹೋಗಿದ್ವಿ. ಎಲ್ರೂ ನಕ್ಕು ಸುಮ್ಮನಾದ್ಮೇಲೆ ಇವಳು ಶುರು ಮಾಡಿದ್ಲು ನೋಡಿ! ಮಾವನ ಪಾರ್ಟು ಮಾಡ್ತಿದ್ದವರು ಮಾತು ಮರೆತು ನಿಂತುಬಿಟ್ರು. ಅದನ್ನ ಕತ್ತರಿಸದೆ ಹಾಗೇ ಬಿಟ್ಟಿದಾರಂತೆ."

"ಯಾವ ಕಂತು?"

"ಅದೆಲ್ಲಿ ನೆನಪಿರತ್ತೆ? ಯಾರೋ ಬೀರುವಿನಲ್ಲಿ ಬಚ್ಚಿಟ್ಕೊಂಡಿದ್ರು. ನಿಮ್ಮ ಮದುವೆಗೆ ಮುಂಚಿನ ಮಾತು."

ಗೆಳತಿ ಹೋದ ಮೇಲೆ ಅವರು ಕೆಳಗಿಟ್ಟ ಫ್ರೇಮನ್ನು ಮತ್ತೆ ಕೈಗೆತ್ತಿಕೊಂಡರು. ಆ ನಗು ಅವರಿಗೆ ಗೊತ್ತಿತ್ತು. ಅದು ಎಲ್ಲಿ ನಿಂತಿತು ಎನ್ನುವುದೂ ಗೊತ್ತಿತ್ತು.

ಮದುವೆಯಾದ ಎರಡನೆಯ ವರ್ಷ, ಅವರ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಯಾರೋ ಏನೋ ತಮಾಷೆ ಮಾಡಿದರು. ಎಲ್ಲರೂ ನಕ್ಕರು, ಎಲ್ಲರ ನಗು ಮುಗಿದ ಮೇಲೂ ಆಕೆ ನಗುತ್ತಲೇ ಇದ್ದಳು. "ನಿನ್ನ ಹೆಂಡ್ತಿ ನಗು ಬೀದಿ ಕೊನೇವರೆಗೂ ಕೇಳತ್ತಪ್ಪ" ಎಂದು ಅಣ್ಣ ಅಂದದ್ದು ಇವರಿಗೆ ನಾಟಿತು. ಮನೆಗೆ ಬರುವ ದಾರಿಯಲ್ಲಿ ಹೇಳಿದರು: "ಇನ್ಮೇಲೆ ಹಾಗೆ ನಗಬೇಡ. ಕೇಳೋಕೆ ಅಸಹ್ಯವಾಗತ್ತೆ."

"ಸರಿ" ಎಂದಳು ಆಕೆ. ಅಳಲಿಲ್ಲ, ಜಗಳಕ್ಕೆ ಬರಲಿಲ್ಲ. ಅಲ್ಲಿಂದ ಮುಂದೆ ಮೂವತ್ತೊಂದು ವರ್ಷ, ನಗು ಬಂದಾಗಲೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಅವರು ಅದನ್ನು ಗಮನಿಸಿದ್ದೂ ಇಲ್ಲ. ಊರವರ ಕಣ್ಣಿನ ದೋಷವನ್ನೆಲ್ಲ ಒಂದೇ ನೋಟಕ್ಕೆ ಹೇಳುತ್ತಿದ್ದ ಮನುಷ್ಯನಿಗೆ ಮನೆಯೊಳಗಿನದು ಕಾಣಲಿಲ್ಲ.

ಮನೆಯಲ್ಲಿ ಆಕೆಯ ಫೋಟೋಗಳು ಬೇಕಾದಷ್ಟಿದ್ದವು. ದನಿ ಒಂದೂ ಇರಲಿಲ್ಲ.

ಮೊದಲು ಆ ಧಾರಾವಾಹಿಯ ಡಿಸ್ಕುಗಳ ಪೆಟ್ಟಿಗೆ ತಂದರು, ಅರವತ್ತನಾಲ್ಕು ಕಂತು. ಬೀರುವಿನಲ್ಲಿ ಬಚ್ಚಿಟ್ಟುಕೊಳ್ಳುವವರು ಆರು ಕಡೆ ಸಿಕ್ಕರು. ಆ ಮನೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಜನರೇ ಬೀರುವಿನಲ್ಲಿರುತ್ತಿದ್ದರು. ಆದರೆ ಎಲ್ಲ ಕಡೆಯೂ ಒಂದೇ ನಗು, ಅಚ್ಚು ಹಾಕಿದ ಹಾಗೆ. ಹಳೆಯ ಕ್ಯಾಸೆಟ್ಟುಗಳನ್ನು ಮಾರುತ್ತಿದ್ದವನೊಬ್ಬನನ್ನು ವಿಚಾರಿಸಿದರು. ರೀಲು ಸುತ್ತುವುದು ಅವನ ಕಸುಬು, ರೀಲು ಬಿಡುವುದು ಅಭ್ಯಾಸ. ಹಾಗಾಗಿ ಎಲ್ಲರ ಬಾಯಲ್ಲೂ ರೀಲಣ್ಣ. ಈ ವಿಷಯದಲ್ಲಿ ಮಾತ್ರ ಅವನು ಸತ್ಯವನ್ನೇ ಹೇಳಿದ.

"ಡಿಸ್ಕಲ್ಲಿರೋದು ಮಷೀನ್ ನಗು ಸಾರ್. ಹಳೇ ಸೌಂಡು ಗೊರಗೊರ ಅನ್ನತ್ತೆ ಅಂತ ಜನರ ನಗು ತೆಗೆದುಹಾಕಿದಾರೆ. ನಿಮಗೆ ಜನರದ್ದೇ ಬೇಕಾದ್ರೆ ಮೊದಲು ಬಂದ ಕ್ಯಾಸೆಟ್ಟೇ ಆಗ್ಬೇಕು. ಒಟ್ಟು ಹದಿನಾರು. ಒಟ್ಟಿಗೆ ಸಿಗ್ತವೆ ಅನ್ನೋ ಆಸೆ ಬಿಟ್ಟುಬಿಡಿ."

ಒಟ್ಟಿಗೆ ಸಿಗಲಿಲ್ಲ. ಎರಡು ವರ್ಷ ಹಿಡಿಯಿತು. ಬಾಗಿಲು ಮುಚ್ಚಿದ ವಿಡಿಯೋ ಲೈಬ್ರರಿಯ ಗೋದಾಮಿನಲ್ಲಿ ನಾಲ್ಕು, ನಿವೃತ್ತ ಮೇಷ್ಟರೊಬ್ಬರ ಅಟ್ಟದಲ್ಲಿ ಮೂರು, ಗುಜರಿಯಲ್ಲಿ ಒಂದು, ಹೀಗೆ. ಕೆಲವುಗಳ ಹೊದಿಕೆ ಹರಿದಿತ್ತು, ಕೆಲವುಗಳ ಟೇಪಿಗೆ ಬೂಷ್ಟು ಹಿಡಿದಿತ್ತು. ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆಯಲ್ಲೇ ಗೇಣುಗೇಣಾಗಿ ಒರೆಸಿ, ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಿನಲ್ಲಿ ನೋಡುತ್ತಿದ್ದರು. ನೋಡುತ್ತಿದ್ದರು ಎನ್ನುವುದೂ ತಪ್ಪು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಮಗಳಿಗೆ ಇದು ಹಿಡಿಸಲಿಲ್ಲ. ಅವಳು ಅದೇ ಊರಿನಲ್ಲಿ ಗಂಡನ ಜೊತೆ ಇದ್ದಳು. ಭಾನುವಾರ ಬಂದು ಹೋಗುತ್ತಿದ್ದಳು. "ಅಮ್ಮ ಹೋದ್ಮೇಲೆ ನಿನಗೆ ಹಾಸ್ಯದ ಹುಚ್ಚು ಹಿಡೀತಾ ಅಪ್ಪ? ನೋಡಿದವರು ಏನಂದ್ಕೋತಾರೆ?" ಎಂದು ಒಮ್ಮೆ ಸಿಡುಕಿದಳು. ಅವರು ಕ್ಯಾಸೆಟ್ಟನ್ನು ಹೊದಿಕೆಯೊಳಗೆ ಸೇರಿಸಿದರು. ಉತ್ತರ ಕೊಡಬೇಕಾದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಹದಿಮೂರನೆಯದು ಎಲ್ಲಕ್ಕಿಂತ ಕೊನೆಗೆ ಸಿಕ್ಕಿತು. ರೀಲಣ್ಣನೇ ಶನಿವಾರ ಸಂಜೆ ತಂದುಕೊಟ್ಟ. ಭಾನುವಾರ ಮಧ್ಯಾಹ್ನ ಮಗಳು ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದಾಗ ಹಾಕಿದರು. ಎರಡನೆಯ ಕಂತಿನಲ್ಲಿ ಅಳಿಯ ಬೀರು ತೆರೆದ. ಒಳಗೆ ಮಾವ ಒಂದು ಕಾಲಿನ ಮೇಲೆ ನಿಂತಿದ್ದ. ಜನ ಗೊಳ್ಳೆಂದು ನಕ್ಕು ಸುಮ್ಮನಾದರು. ಆಮೇಲೆ ಒಬ್ಬಳೇ ಒಬ್ಬಳು, ಮೊದಲು ಬಿಕ್ಕಿದಂತೆ, ಆಮೇಲೆ ತಡೆಯಲಾರದೆ, ಉಸಿರು ಸಿಕ್ಕಿಕೊಂಡು, ಮತ್ತೆ ಮೊದಲಿಂದ. ಮಾವ ಮಾತು ಮರೆತು ಆ ದಿಕ್ಕಿಗೇ ನೋಡಿದ.

ಕನ್ನಡಕದಂಗಡಿಯವರು ಟೀವಿಯ ಹತ್ತಿರ ನೆಲದಲ್ಲಿ ಕೂತುಬಿಟ್ಟರು. ಹಿಂದೆ ತಿರುಗಿಸಿ ಹಾಕಿದರು. ಮತ್ತೊಮ್ಮೆ ಹಾಕಿದರು.

ಮಗಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. "ಏನಪ್ಪ ಇದು? ಯಾರದು ಈ ನಗು?"

"ನಿಮ್ಮಮ್ಮಂದು."

"ಅಮ್ಮಂದಾ?" ಅವಳು ನಂಬಲಿಲ್ಲ. "ಅಮ್ಮ ಹೀಗೆ ನಗ್ತಿದ್ಲಾ? ನಾನು ಒಂದ್ಸಲಾನೂ ಕೇಳಿಲ್ವಲ್ಲ!"

ವಯಸ್ಸಾಯಿತು, ಸಂಸಾರದ ತಾಪತ್ರಯ, ಹೀಗೆ ಏನಾದರೊಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವರು ಅಣ್ಣನ ಮನೆಯ ಊಟದಿಂದ ಶುರುಮಾಡಿ ದಾರಿಯಲ್ಲಿ ಅಂದ ಮಾತಿನ ತನಕ, ಮಗಳ ಮುಖ ನೋಡದೆ, ಎಲ್ಲವನ್ನೂ ಹೇಳಿದರು.

ಮಗಳು ನಿಧಾನವಾಗಿ ಅಂದಳು: "ನಾನು ಚಿಕ್ಕವಳಿದ್ದಾಗ ಅಮ್ಮ ನನಗೂ ಹೇಳ್ತಿದ್ಲು ಅಪ್ಪ. ಜೋರಾಗಿ ನಗಬೇಡ ಪುಟ್ಟಿ, ಅಪ್ಪನಿಗೆ ಆಗಲ್ಲ ಅಂತ. ನಿನಗೆ ತಲೆನೋವೇನೋ ಅಂದ್ಕೊಂಡಿದ್ದೆ ನಾನು."

ಇದು ಅವರಿಗೆ ಗೊತ್ತಿರಲಿಲ್ಲ. ಒಬ್ಬಳ ಬಾಯಿ ಮುಚ್ಚಿಸಿದೆನೆಂದು ಎರಡು ವರ್ಷ ಕೊರಗಿದ್ದರು. ಇಬ್ಬರದೆಂದು ಈಗ ತಿಳಿಯಿತು. "ನಾನು ಒಂದೇ ಸಲ ಅಂದಿದ್ದು ಕಣೇ" ಎಂದರು.

"ಒಂದೇ ಸಲ ಸಾಕಾಗಿತ್ತು ಅವಳಿಗೆ."

ಮಗಳು ಕೈ ಒರೆಸಿಕೊಂಡು ಅವರ ಪಕ್ಕ ನೆಲದಲ್ಲೇ ಕೂತಳು. ತಾನೇ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಕೇಳಿದಳು. ಅಮ್ಮನಿಗಾಗ ಇಪ್ಪತ್ತಮೂರು, ಇವಳಿಗೀಗ ಇಪ್ಪತ್ತೊಂಬತ್ತು. ತನಗಿಂತ ಚಿಕ್ಕವಳಾದ ಅಮ್ಮ ನಗುತ್ತಿರುವುದನ್ನು ಕೇಳುತ್ತ ಅವಳು ಅತ್ತಳು. ಅವರು ಅವಳ ಬೆನ್ನಿಗೆ ಕೈ ಚಾಚಿದರು. ಮುಟ್ಟಲು ಧೈರ್ಯ ಬರಲಿಲ್ಲ, ಕೈ ಹಿಂದೆ ತೆಗೆದುಕೊಂಡರು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಇದನ್ನ ನಾನು ತಗೊಂಡು ಹೋಗ್ಲಾ?"

ಅವರು ಅದನ್ನು ನಾಲ್ಕೇ ಸಲ ಕೇಳಿದ್ದರು. "ತಗೊಂಡು ಹೋಗು" ಎಂದರು. "ನಿನ್ನ ಹತ್ರ ಹಾಕೋಕೆ ಮಷೀನ್ ಇಲ್ವಲ್ಲ, ಅದನ್ನೂ ತಗೋ."

ತಂತಿ ಸುತ್ತಿ, ಮಷೀನನ್ನು ಹಳೆಯ ಟವೆಲಿನಲ್ಲಿ ಕಟ್ಟಿ, ತಾವೇ ಹೊತ್ತುಕೊಂಡು ಮೆಟ್ಟಿಲಿಳಿದು ಆಟೋದಲ್ಲಿ ಅವಳ ಪಕ್ಕಕ್ಕಿಟ್ಟರು. ಅವಳು ಅದರ ಮೇಲೆ ಒಂದು ಕೈಯಿಟ್ಟುಕೊಂಡು ಕೂತಳು. ಬರ್ತೀನಿ ಎಂದಳೋ ಇಲ್ಲವೋ, ಇಂಜಿನಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.