ಮೊರದಲ್ಲಿಟ್ಟ ಅಡಿಕೆ

ಸಂತೆಯ ದಿನ ಗುಬ್ಬಿಯ ಕೊಬ್ಬರಿ ಮಂಡಿಗಳ ಬೀದಿಯಲ್ಲಿ ಕಾರು ನಿಲ್ಲಿಸುವುದು ಸುಲಭ, ತೆಗೆಯುವುದೇ ಕಷ್ಟ. ಮೊದಲು ಬಂದವನ ಹಿಂದೆ ಎರಡನೆಯವನು, ಅವನ ಹಿಂದೆ ಮೂರನೆಯವನು ಹೀಗೆ ಮೂತಿಗೆ ಬಾಲ ತಾಗಿಸಿ ನಿಲ್ಲಿಸುತ್ತಾ ಹೋದರೆ ಒಳಗೆ ಸಿಕ್ಕಿಕೊಂಡವನು ಹೊರಗೆ ಬರುವುದು ಹೇಗೆ? ಇದಕ್ಕೆ ಆ ಬೀದಿಯವರು ಕಂಡುಕೊಂಡ ಉಪಾಯವೇ ಚಿಕ್ಕಮಾರಮ್ಮನ ಮೊರ. ಬೀದಿಯ ಬಾಯಲ್ಲಿ ಬೇವಿನ ಮರದಡಿ ವೀಳ್ಯದೆಲೆ ಮಾರುವ ಈ ಹೆಂಗಸಿನ ಮೊರದಲ್ಲಿ ಎಲ್ಲರೂ ತಮ್ಮ ಗಾಡಿಯ ಕೀ ಇಟ್ಟು ಹೋಗುತ್ತಾರೆ. ದಾರಿ ಬೇಕಾದವರು ಅಡ್ಡ ನಿಂತ ಗಾಡಿಯ ಕೀ ಕೇಳಿ ಪಡೆದು, ಗಾಡಿ ಸರಿಸಿ, ಮತ್ತೆ ತಂದಿಡುತ್ತಾರೆ. ಚಿಕ್ಕಮಾರಮ್ಮನಿಗೆ ಓದು ಬಾರದು, ಆದರೆ ಯಾವ ಕೀ ಯಾರದೆಂಬುದರಲ್ಲಿ ಅವಳು ಎಂದೂ ತಪ್ಪಿದವಳಲ್ಲ. ಗಾಡಿಯ ಯಜಮಾನನಲ್ಲದೆ ಬೇರೆಯವರು ಕೀ ಒಯ್ದರೆ ಆ ಜಾಗದಲ್ಲಿ ಒಂದು ಇಡೀ ಅಡಿಕೆ ಇಡುತ್ತಾಳೆ. ಅಡಿಕೆ ಇದೆಯೆಂದರೆ ಗಾಡಿ ಗೊತ್ತಿದ್ದವರ ಕೈಯಲ್ಲೇ ಇದೆ, ವಾಪಸು ಬರುತ್ತದೆ ಎಂದರ್ಥ. ಹದಿನಾರು ವರ್ಷದಿಂದ ನಡೆದು ಬಂದ ಪದ್ಧತಿ ಇದು.

ತುಮಕೂರಿನ ಉಪ್ಪಾರಹಳ್ಳಿಯ ಮಲ್ಲಿಕಾರ್ಜುನ್ ಕೊಬ್ಬರಿ ಖರೀದಿಗೆ ವಾರಕ್ಕೊಮ್ಮೆ ಇಲ್ಲಿಗೆ ಬರುವವನು. ಎರಡು ವರ್ಷದ ಹಿಂದೆ ಕೊಂಡ ಕಾರನ್ನು ಅವನು ನೋಡಿಕೊಳ್ಳುವ ರೀತಿ ಕಂಡು ಹೆಂಡತಿ ಮಾಲಿನಿ, ಮಕ್ಕಳಿಗೂ ಇಷ್ಟು ಸ್ನಾನ ಮಾಡಿಸಲಿಲ್ಲ ಎಂದು ಹಾಸ್ಯ ಮಾಡುತ್ತಿದ್ದಳು. ಹೀಗಿರುವಾಗ ಅವನ ಚಿಕ್ಕಪ್ಪನ ಮಗ ಚನ್ನೇಶನ ಕಾರು ಕುಣಿಗಲ್‌ನಲ್ಲಿ ಕಳುವಾಯಿತು. ಕಲ್ಯಾಣ ಮಂಟಪದ ಮುಂದೆ ನಿಲ್ಲಿಸಿ, ಊಟಕ್ಕೆ ಕೂತು, ಕೈ ತೊಳೆದು ಬರುವಷ್ಟರಲ್ಲಿ ಕಾರಿದ್ದ ಜಾಗದಲ್ಲಿ ಬೇರೆ ಯಾರದೋ ಬೈಕು ನಿಂತಿತ್ತು. ಆರು ತಿಂಗಳಾದರೂ ಸುಳಿವಿಲ್ಲ. ಅಂದಿನಿಂದ ಮಲ್ಲಿಕಾರ್ಜುನನ ನಿದ್ದೆ ಕೆಟ್ಟಿತು. ಟ್ರ್ಯಾಕರ್ ಹಾಕಿಸಲೇಬೇಕು ಎಂದು ಹಟ ಹಿಡಿದ.

"ಹಾಕ್ಸಿ, ನಾನೇನು ಬೇಡ ಅನ್ನಲ್ಲ. ಆದ್ರೆ ಊರೋರ ಮುಂದೆ ಮೊರದಲ್ಲಿ ಕೀ ಇಟ್ಟು ಬರೋರಿಗೆ ಟ್ರ್ಯಾಕರ್ ಯಾಕೇಂತ" ಅಂದಳು ಮಾಲಿನಿ.

"ಮೊರಾನ ನಂಬ್ತೀನಿ ಕಣೇ. ಲೋಕಾನ ನಂಬಲ್ಲ."

ಮರಳೂರಿನ ಅಂಗಡಿಯವನು ಅರ್ಧ ಗಂಟೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವನ್ನು ಡ್ಯಾಶ್‌ಬೋರ್ಡಿನ ಒಳಗೆ ಅಡಗಿಸಿಟ್ಟ. ಕಾರು ಎಲ್ಲಿದೆಯೆಂದು ಫೋನಿನಲ್ಲಿ ನೀಲಿ ಚುಕ್ಕೆ ತೋರಿಸುತ್ತದೆ, ಎಂಜಿನ್ ಚಾಲೂ ಆದೊಡನೆ ಸಂದೇಶ ಬರುತ್ತದೆ ಎಂದೆಲ್ಲ ವಿವರಿಸಿ, ಕೊನೆಗೆ ಒಂದು ಕೆಂಪು ಗುಂಡಿ ತೋರಿಸಿದ. ಅದನ್ನು ಒತ್ತಿದರೆ ಕೂತಲ್ಲಿಂದಲೇ ಎಂಜಿನ್ ನಿಲ್ಲಿಸಬಹುದಂತೆ. ಓಡುವ ಗಾಡಿ ಏಕಾಏಕಿ ನಿಂತರೆ ಅಪಾಯವಾದ್ದರಿಂದ, ವೇಗ ಇಪ್ಪತ್ತಕ್ಕಿಂತ ಕಡಿಮೆಯಾದಾಗ ಮಾತ್ರ ಅದು ಕೆಲಸ ಮಾಡುತ್ತದೆ ಎಂದೂ ಹೇಳಿದ. ಮಲ್ಲಿಕಾರ್ಜುನನಿಗೆ ಆ ಗುಂಡಿಯೇ ತುಂಬ ಹಿಡಿಸಿತು. ಮನೆ ಮುಂದೆ ನಿಂತ ಕಾರನ್ನು ಮನೆಯೊಳಗೆ ಕೂತು ಫೋನಿನಲ್ಲಿ ನೋಡುವುದು ಅವನಿಗೆ ಅಭ್ಯಾಸವೇ ಆಗಿಹೋಯಿತು.

ಆ ಸಂತೆಯ ದಿನ ಅವನು ಬರುವುದು ತಡವಾಗಿ, ಕಾರು ಸಾಲಿನ ಕೊನೆಗೆ, ರಸ್ತೆಯ ಅಂಚಿಗೇ ನಿಂತಿತು. ಕೀಯನ್ನು ಮೊರದಲ್ಲಿಟ್ಟು ಸದಾಶಿವಯ್ಯನವರ ಮಂಡಿಯ ಹಿಂದಿನ ಗೋಡೌನಿಗೆ ಹೋದ. ರೇಟು ಮಾತಾಡುವಾಗ ಫೋನು ಮುಟ್ಟಬಾರದೆಂಬುದು ಅವನ ನಿಯಮ. ಫೋನು ಜೇಬಿನಲ್ಲಿ ಸದ್ದಿಲ್ಲದೆ ಕೂತಿತ್ತು. ಕೊಬ್ಬರಿ ಒಡೆದು ನೋಡಿ, ಮೂಸಿ, ಒಪ್ಪಂದ ಮುಗಿಸಿ ಹೊರಗೆ ಬಂದರೆ ಕಾರು ಇಲ್ಲ. ಬೇವಿನ ಮರದಡಿ ಒದ್ದೆ ಬಟ್ಟೆ ಹೊದ್ದ ಎಲೆ ಇದ್ದವು, ಮೊರ ಇತ್ತು, ಚಿಕ್ಕಮಾರಮ್ಮ ಇರಲಿಲ್ಲ.

ಹದಿನಾರು ವರ್ಷದಲ್ಲಿ ಆ ಹೆಂಗಸು ವ್ಯಾಪಾರದ ಹೊತ್ತಿನಲ್ಲಿ ಜಾಗ ಬಿಟ್ಟು ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಮಲ್ಲಿಕಾರ್ಜುನ್ ಜೇಬಿನಿಂದ ಫೋನು ತೆಗೆದ. ಎಂಜಿನ್ ಚಾಲೂ ಆಗಿದೆ ಎಂಬ ಸಂದೇಶ ಹತ್ತು ನಿಮಿಷದ ಹಿಂದೆಯೇ ಬಂದಿತ್ತು. ನೀಲಿ ಚುಕ್ಕೆ ತುಮಕೂರಿನ ರಸ್ತೆಯಲ್ಲಿ ಓಡುತ್ತಿತ್ತು. ವೇಗ ಎಂಬತ್ತು.

ಜನ ಸೇರಿದರು. ಅಲ್ಲೇ ಗೋಣಿಚೀಲದ ಅಂಗಡಿ ಇಟ್ಟಿರುವ ಕಾಂತೇಶ್, ಚಿಕ್ಕಮಾರಮ್ಮನ ಅಳಿಯ ಬೆಟ್ಟಸ್ವಾಮಿ ತುಮಕೂರಿನ ಗುಜರಿಯಲ್ಲಿ ಗಾಡಿ ಬಿಚ್ಚುವ ಕೆಲಸ ಮಾಡುತ್ತಾನೆಂದು ನೆನಪಿಸಿದ. ಅಷ್ಟೇ ಅಂದದ್ದು, ಮುಂದಿನದನ್ನು ಕೇಳಿದವರೇ ಕೂಡಿಸಿಕೊಂಡರು. ಬಡವರ ಮನೆಯ ಒಂದು ಕೆಲಸದ ಹೆಸರು ಹೇಳಿದರೆ ಸಾಕು, ಉಳಿದ ಕಥೆಯನ್ನು ನಾವೇ ಕಟ್ಟಿಬಿಡುತ್ತೇವೆ. ಆ ಅಳಿಯನನ್ನು ಮಲ್ಲಿಕಾರ್ಜುನ್ ನೋಡಿಯೂ ಇರಲಿಲ್ಲ. ಆದರೂ ಅವನ ಬಾಯಿಂದ, ನಾಲ್ಕು ಜನ ಕೇಳುವಂತೆ, ಆ ಮಾತು ಬಂದೇಬಿಟ್ಟಿತು.

"ಕಳ್ಳಿ. ಇಷ್ಟು ವರ್ಷ ಮರದ ಕೆಳಗೆ ಕಳ್ಳೀನ ಕೂರಿಸ್ಕೊಂಡಿದ್ವಿ."

ಕೆಂಪು ಗುಂಡಿ ಒತ್ತಿದ. ಖಚಿತವೇ ಎಂದು ಫೋನು ಕೇಳಿತು. ಮತ್ತೊಮ್ಮೆ ಒತ್ತಿದ. ವೇಗ ಇಪ್ಪತ್ತಕ್ಕೆ ಇಳಿದೊಡನೆ ಎಂಜಿನ್ ನಿಲ್ಲುತ್ತದೆ ಎಂಬ ಉತ್ತರ ಬಂತು. ಹಂಪು ಇಲ್ಲದ ಊರು ನಮ್ಮ ಕಡೆ ಯಾವುದಿದೆ, ಎಲ್ಲಾದರೂ ಒಂದು ಕಡೆ ನಿಧಾನ ಮಾಡಲೇಬೇಕು. ಮಲ್ಲಿಕಾರ್ಜುನನಿಗೆ ಆ ಕ್ಷಣ ಮರಳೂರಿನ ಅಂಗಡಿಯವನ ಮೇಲೆ ಪ್ರೀತಿ ಉಕ್ಕಿತು. ಎಲ್ಲರೂ ಟ್ರ್ಯಾಕರ್ ಹಾಕಿಸಬೇಕು ನೋಡಿ ಎಂದು ಸುತ್ತ ನಿಂತವರಿಗೆ ಫೋನು ತೋರಿಸಿದ. ಕಾಂತೇಶ್ ಅಂಗಡಿಯ ಹೆಸರು, ವಿಳಾಸ ಕೇಳಿಕೊಂಡ.

ಅಷ್ಟರಲ್ಲಿ ತೂಕದ ಅಡವಿಯಪ್ಪ ಕುಂಟುತ್ತಾ, ಏದುಸಿರು ಬಿಡುತ್ತಾ ಬಂದ. ಮಂಡಿಗಳ ಹಿಂಭಾಗದ ತೂಕದ ಕಟ್ಟೆಯಲ್ಲಿ ಕೆಲಸ ಮಾಡುವ ಮುದುಕ.

"ಎಲ್ಲೋಗಿದ್ರಿ ಯಜಮಾನ್ರೇ? ಹರಾಜುಕಟ್ಟೆ, ಹೋಟ್ಲು, ಎಲ್ಲಾ ಕಡೆ ಹುಡುಕ್ದೆ. ಹಮಾಲಿ ಗುಂಡಯ್ಯ ಲೋಡ್ ಹತ್ತಿಸ್ತಾ ಎದೆ ಹಿಡ್ಕೊಂಡು ಬಿದ್ದೋದ. ಆಂಬುಲೆನ್ಸು ನಿಟ್ಟೂರ್ ಕಡೆ ಹೋಗೈತಂತೆ. ನಿಮ್ ಕಾರೊಂದೇ ಹೊರಗೆ ಇದ್ದಿದ್ದು. ಅದ್ರಲ್ಲೇ ತುಮಕೂರು ಆಸ್ಪತ್ರೆಗೆ ಕರ್ಕೊಂಡೋದ್ರು, ಲಗೇಜ್ ಆಟೋದ ಅಶ್ವಥ್ ಓಡಿಸ್ತಾವ್ನೆ. ಮಾರಮ್ಮ ಗುಂಡಯ್ಯನ ತಲೆ ತೊಡೆ ಮ್ಯಾಲೆ ಇಟ್ಕೊಂಡು ಕೂತವ್ಳೆ. ನಿಮಗೆ ಹೇಳು ಅಂತ ನನ್ನ ಕಳಿಸಿದ್ಲು."

ಅಡವಿಯಪ್ಪ ಎಲ್ಲರ ಮುಖ ನೋಡಿ, ಏನೋ ಅರ್ಥವಾದವನಂತೆ ಮೊರದ ಕಡೆ ಬೆರಳು ತೋರಿಸಿದ.

"ಅಡಿಕೆ ಇಟ್ಟೋಗವ್ಳಲ್ಲ. ನೋಡ್ಲಿಲ್ವಾ?"

ಮಲ್ಲಿಕಾರ್ಜುನನ ಕೀ ಇದ್ದ ಜಾಗದಲ್ಲಿ, ಎಲೆಯ ಮೇಲೆ, ಒಂದು ಅಡಿಕೆ ಇತ್ತು. ಅಷ್ಟು ಹೊತ್ತೂ ಅವನ ಮೊಣಕಾಲಿನ ಮುಂದೆಯೇ ಇತ್ತು.

ಅವನು ಫೋನಿನಲ್ಲಿ ರದ್ದು ಮಾಡುವ ಗುಂಡಿ ಹುಡುಕಿದ. ಕೆಂಪು ಗುಂಡಿ ಸಿಕ್ಕಷ್ಟು ಬೇಗ ಅದು ಸಿಗಲಿಲ್ಲ. ಸಿಕ್ಕಿ ಒತ್ತುವ ಹೊತ್ತಿಗೆ ನೀಲಿ ಚುಕ್ಕೆ ನಿಂತುಬಿಟ್ಟಿತ್ತು. ಆದೇಶ ಕಳಿಸಲಾಗುತ್ತಿದೆ ಎಂಬ ಅಕ್ಷರಗಳ ಪಕ್ಕ ಒಂದು ಚಕ್ರ ಸುತ್ತುತ್ತಲೇ ಇತ್ತು. ಅಶ್ವಥ್‌ನ ನಂಬರು ಅಡವಿಯಪ್ಪನ ಬಳಿ ಇತ್ತು. ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಚಿಕ್ಕಮಾರಮ್ಮನ ಫೋನು ಎಲೆಯ ಚೀಲದಲ್ಲೇ ರಿಂಗಾಯಿತು.

ಮಲ್ಲಿಕಾರ್ಜುನ್ ಮರದ ಬುಡದಲ್ಲಿ ಕೂತ. ಆ ಅಡಿಕೆ ಯಾವಾಗ ಕೈಗೆ ಬಂತೋ, ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಗುಂಡಯ್ಯ ಇಪ್ಪತ್ತು ವರ್ಷದಿಂದ ಅವನ ಮೂಟೆ ಹೊತ್ತವನು. ಅವನಿಗೆ ಹೆಂಡತಿ ಮಕ್ಕಳು ಎಷ್ಟು ಜನ ಎಂದೂ ತನಗೆ ಗೊತ್ತಿಲ್ಲವಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಚಕ್ರ ನಿಂತು, ಆದೇಶ ರದ್ದಾಗಿದೆ ಎಂದು ಬಂತು. ಆದರೂ ಚುಕ್ಕೆ ಅಲುಗಲಿಲ್ಲ. ಕಾರು ನಿಲ್ಲಲಿ ಎಂದು ಹಾಕಿಸಿದ ಸಾಧನದ ಮುಂದೆ, ಕಾರು ಓಡಲಿ ಎಂದು ಅವನು ಮನೆದೇವರಿಗೆ ಹರಕೆ ಹೊತ್ತ. ಸುತ್ತ ನಿಂತವರೂ ಬಗ್ಗಿ ಆ ಚುಕ್ಕೆಯನ್ನೇ ನೋಡುತ್ತಿದ್ದರು.

ಆರನೇ ನಿಮಿಷಕ್ಕೆ ಚುಕ್ಕೆ ಚಲಿಸಿತು. ಮಲ್ಲಿಕಾರ್ಜುನ್ ಅತ್ತುಬಿಟ್ಟ, ಅದಕ್ಕೆ ನಾಚಿಕೊಳ್ಳಲೂ ಇಲ್ಲ.

ಸದಾಶಿವಯ್ಯನವರ ಕಾರಿನಲ್ಲಿ ಅವನು ತುಮಕೂರಿನ ಆಸ್ಪತ್ರೆ ಸೇರಿದಾಗ ಮಧ್ಯಾಹ್ನವಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಚಿಕ್ಕಮಾರಮ್ಮ ಅವನನ್ನು ಕಂಡೊಡನೆ ಎದ್ದು, ಸೆರಗಿನ ಗಂಟು ಬಿಚ್ಚಿ, ಮೊದಲು ಕೀ ಕೊಟ್ಟಳು. ಕೇಳದೆ ಗಾಡಿ ತಂದೆವು, ತಪ್ಪು ತಿಳಿಯಬೇಡಿ ಎಂದಳು. ಗುಂಡಯ್ಯನಿಗೆ ಚಿಕಿತ್ಸೆ ಸಿಕ್ಕಿತ್ತು, ಜೀವಕ್ಕೆ ಅಪಾಯವಿಲ್ಲವೆಂದು ಡಾಕ್ಟರು ಹೇಳಿದ್ದರು. ಅವನ ಹೆಂಡತಿ ಹನುಮಮ್ಮ ಬೇರೆ ಆಟೋದಲ್ಲಿ ಬಂದು ತಲುಪಿದ್ದಳು. ನಿಮ್ಮ ಕಾರಿಂದ ನನ್ನ ತಾಳಿ ಉಳಿಯಿತು ಎಂದು ಮಲ್ಲಿಕಾರ್ಜುನನ ಕಾಲಿಗೆ ಬೀಳಲು ಬಂದಳು. ಅವನು ಹಿಂದೆ ಸರಿದ.

ಅಶ್ವಥ್ ತಲೆ ಕೆರೆಯುತ್ತಾ ಮುಂದೆ ಬಂದ. "ಅಣ್ಣ, ಒಂದು ಹೇಳ್ಬೇಕು. ಹಂಪು ಸಿಕ್ಕಿದ್ರೂ ಜೋರಾಗೇ ಹಾರಿಸ್ದೆ. ಒಂದೂರ ಹತ್ರ ಹಸು ಅಡ್ಡ ಬಂತು, ಸ್ಲೋ ಮಾಡ್ದೆ, ಪಕ್ಕಂತ ಆಫ್ ಆಗೋಯ್ತು. ಎಷ್ಟು ತಿರುಗಿಸಿದ್ರೂ ಸ್ಟಾರ್ಟ್ ಆಗ್ಲಿಲ್ಲ. ಊರೋರೆಲ್ಲ ಬಂದು ತಳ್ಳಿದ್ರು. ಕೊನೆಗೆ ಅದೇ ಸ್ಟಾರ್ಟ್ ಆಯ್ತು. ನನ್ನಿಂದ ಏನೋ ಕೆಟ್ಟಿರ್ಬೇಕು. ರಿಪೇರಿ ನಾನು ಮಾಡಿಸ್ಕೊಡ್ತೀನಿ."

ಮಲ್ಲಿಕಾರ್ಜುನ್ ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮೇಲಾಗಿ ಕೃತಜ್ಞತೆಯ ಕಣ್ಣುಗಳು ಎದುರಿಗಿದ್ದವು. ಆದರೆ ಆ ಬಡ ಆಟೋದವನಿಂದ ರಿಪೇರಿಯ ಮಾತು ಕೇಳಿ ಅವನಿಗೆ ತಡೆಯಲಾಗಲಿಲ್ಲ.

"ಗಾಡಿ ಕೆಟ್ಟಿಲ್ಲಪ್ಪ. ನಿಲ್ಲಿಸಿದ್ದು ನಾನು. ಫೋನಲ್ಲಿ ನಿಲ್ಲಿಸ್ದೆ. ಕಳ್ಳತನ ಆಯ್ತು ಅಂದ್ಕೊಂಡೆ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಅರ್ಥವಾದದ್ದು ಚಿಕ್ಕಮಾರಮ್ಮನಿಗೆ.

"ಕೀ ನನ್ ಹತ್ರ ಅಲ್ವಾ ಇದ್ದಿದ್ದು? ನನ್ನ ಕಳ್ಳಿ ಅಂದ್ಕೊಂಡ್ರಾ?"

"ಹೂಂ. ಎಲ್ಲರ ಮುಂದೆ ಅಂದೆ."

ಹನುಮಮ್ಮ ಕಣ್ಣೊರೆಸಿಕೊಂಡು, "ಬುಡಿ, ಜೀವ ಉಳೀತಲ್ಲ" ಅಂದಳು. ಅವಳ ಆ ಮಾತಿಗೆ ಮಲ್ಲಿಕಾರ್ಜುನ್ ಬದುಕಿರುವವರೆಗೂ ಋಣಿ. ಚಿಕ್ಕಮಾರಮ್ಮ ಮಾತ್ರ, ಮನೆಗೆ ಕಾರಿನಲ್ಲಿ ಬಿಡುತ್ತೇನೆಂದರೂ ಒಪ್ಪದೆ ಬಸ್ಸಿಗೆ ಹೊರಟಳು.

ಮುಂದಿನ ಸಂತೆಗೆ ಅವಳ ಮೊರದಲ್ಲಿ ಬರೀ ಎಲೆಗಳಿದ್ದವು. ಯಾರು ಕೀ ಕೊಟ್ಟರೂ ಬೇಡವೆಂದಳಂತೆ. ಬೀದಿಯ ತುಂಬ ಹಾರ್ನು, ಬೈಗುಳ. ಒಳಗೆ ಸಿಕ್ಕಿಕೊಂಡ ಕಾಂತೇಶನ ಕಾರಿಗೆ ಅಡ್ಡವಾಗಿ ಮೂರು ಗಾಡಿ ನಿಂತಿದ್ದವು, ಅವುಗಳ ಯಜಮಾನರು ಎಲ್ಲಿದ್ದಾರೋ ಗೊತ್ತಿಲ್ಲ.

ಮಲ್ಲಿಕಾರ್ಜುನ್ ಆ ವಾರವೇ ಮರಳೂರಿಗೆ ಹೋಗಿ ಎಂಜಿನ್ ನಿಲ್ಲಿಸುವ ತಂತಿಯನ್ನು ಬಿಚ್ಚಿಸಿ ಬಂದಿದ್ದ. ಅದೇ ಮುಖ್ಯ ಅಲ್ವಾ ಸಾರ್ ಎಂದು ಅಂಗಡಿಯವನು ಬೇಸರಪಟ್ಟುಕೊಂಡಿದ್ದ. ಟ್ರ್ಯಾಕರನ್ನು ಹಾಗೇ ಉಳಿಸಿಕೊಂಡಿದ್ದ. ಅದು ಇಲ್ಲದಿದ್ದರೆ ಚುಕ್ಕೆ ಮತ್ತೆ ಓಡಿದ್ದೂ ತಿಳಿಯುತ್ತಿರಲಿಲ್ಲವಲ್ಲ. ಈಗ ಅವನು ಬೇವಿನ ಮರದ ಹತ್ತಿರ ಬಂದು, ಅಂದು ನಿಂತ ಜಾಗದಲ್ಲೇ ನಿಂತ. ಅಂದು ಇದ್ದವರೆಲ್ಲ ಇದ್ದರು.

"ಮಾರಮ್ಮ, ಅವತ್ತು ಇಲ್ಲೇ ನಿಂತು ನಿನ್ನ ಕಳ್ಳಿ ಅಂದೆ. ನೋಡದೇ ಇರೋ ನಿನ್ನ ಅಳಿಯನ್ನೂ ಸೇರಿಸ್ಕೊಂಡೆ. ಇವತ್ತು ಇಲ್ಲೇ ನಿಂತು ತಪ್ಪಾಯ್ತು ಅಂತೀನಿ."

ಅವಳು ಎಲೆ ಎಣಿಸುವುದನ್ನು ನಿಲ್ಲಿಸಲಿಲ್ಲ. ಅವನು ಜೇಬಿನಿಂದ ಆ ಅಡಿಕೆಯನ್ನು ತೆಗೆದು ಮೊರದ ಅಂಚಿನಲ್ಲಿಟ್ಟ. ಒಂದು ವಾರ ಜೇಬಿನಲ್ಲೇ ಹೊತ್ತು ತಿರುಗಿದ್ದ ಅಡಿಕೆ ಅದು. ಅವಳು ಅದನ್ನು ಎತ್ತಿ, ತಿರುಗಿಸಿ ನೋಡಿದಳು.

"ಎಷ್ಟು ಹುಡುಕ್ದೆ ಇದನ್ನ" ಅಂದಳು. "ಕೀ ಬಂದ್ಮೇಲೆ ಅಡಿಕೆ ಎತ್ತಬೇಕು. ಇಲ್ದಿದ್ರೆ ಗಾಡಿ ಬಂದಿಲ್ಲ ಅಂತ ಲೆಕ್ಕ."

ಅಡಿಕೆಯನ್ನು ಚೀಲಕ್ಕೆ ಹಾಕಿಕೊಂಡು ಕೈ ಚಾಚಿದಳು. ಮಲ್ಲಿಕಾರ್ಜುನ್ ಕೀ ಕೊಟ್ಟ. ಆಮೇಲೆ ಅವಳ ಫೋನು ಕೇಳಿ ತೆಗೆದುಕೊಂಡು, ಒಂದನೇ ಗುಂಡಿ ಒತ್ತಿ ಹಿಡಿದರೆ ತನಗೇ ಕರೆ ಬರುವಂತೆ ಮಾಡಿಕೊಟ್ಟ. ತನ್ನ ಫೋನು ಸದ್ದಿಲ್ಲದೆ ಇದ್ದರೂ ಅವಳ ಕರೆಗೆ ಮಾತ್ರ ರಿಂಗಾಗುವಂತೆ ಮಾಡಿದ್ದೇನೆಂದು ಹೇಳಿದ. ರೇಟು ಮಾತಾಡುವಾಗಲೂ ಎತ್ತುತ್ತೀರಾ ಎಂದು ಅವಳು ಕೇಳಿದಳು. ಆಗಲೇ ಮೊದಲು ಎತ್ತುವುದು ಎಂದ.

ಕಾಂತೇಶ್ ಪಕ್ಕಕ್ಕೆ ಬಂದು ನಿಂತ. ಅವನ ಮುಖವೂ ಸಣ್ಣದಾಗಿತ್ತು. ಮಾತು ಬೇರೆ ಕಡೆ ತಿರುಗಿಸಲೆಂಬಂತೆ, ಇಷ್ಟೆಲ್ಲ ಆದ ಮೇಲೆ ಟ್ರ್ಯಾಕರ್ ಹಾಕಿಸುವುದು ಲಾಭವೋ ನಷ್ಟವೋ ಎಂದು ಕೇಳಿದ.

"ಹಾಕ್ಸು" ಎಂದ ಮಲ್ಲಿಕಾರ್ಜುನ್. "ಗಾಡಿ ಎಲ್ಲಿದೆ ಅಂತ ಅದು ಹೇಳುತ್ತೆ. ಯಾಕೆ ಹೋಗಿದೆ ಅಂತ ಮಾರಮ್ಮನ್ನ ಕೇಳು."

ಕಾಂತೇಶ್ ಜೇಬಿಗೆ ಕೈ ಹಾಕಿ ತನ್ನ ಕೀ ತೆಗೆದ. ಚಿಕ್ಕಮಾರಮ್ಮ ಎಲೆಗಳನ್ನು ಸರಿಸಿ ಅದಕ್ಕೂ ಜಾಗ ಮಾಡಿದಳು.