ಬೀಗರು ಉಂಡ ಗಾಳಿ

ನನ್ನ ಗಂಡ ಕಾರ್ಖಾನೆಯ ಹಿತ್ತಲಲ್ಲಿ ಗೊಬ್ಬರದ ತೊಟ್ಟಿ ಕಾಯುತ್ತಾರೆ ಎಂದರೆ ಜನ ಅವರನ್ನು ಮಾಲಿ ಅಂದುಕೊಳ್ಳುತ್ತಿದ್ದರು. ಅಂದುಕೊಳ್ಳಲಿ ಬಿಡಿ, ಎಷ್ಟು ಜನಕ್ಕೆ ಅಂತ ಬಿಡಿಸಿ ಹೇಳುವುದು? ನಮ್ಮಲ್ಲಿ ತಯಾರಾಗುವುದು ಕುರ್ಚಿ, ಮೇಜು. ನಾನೂ ನನ್ನ ನಾದಿನಿಯೂ ಅವಕ್ಕೆ ವಾರ್ನಿಷ್ ಹೊಡೆಯುವವರು. ಆ ಕೋಣೆಯ ಘಾಟು ಗಾಳಿಯನ್ನು ಫ್ಯಾನು ಎಳೆದು ದಪ್ಪ ಪೈಪಿನಲ್ಲಿ ಹಿತ್ತಲಿಗೆ ತಳ್ಳುತ್ತದೆ. ಅಲ್ಲಿ ಕೋಣೆಯಷ್ಟು ದೊಡ್ಡ ತೊಟ್ಟಿ. ಅದರ ತುಂಬ ಮರದ ಚಕ್ಕೆ, ಗೊಬ್ಬರ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಗಾಳಿ ಕೆಳಗಿನಿಂದ ಮೇಲಕ್ಕೆ ಹಾಯುವಾಗ ಅವು ಘಾಟನ್ನೆಲ್ಲ ತಿಂದುಬಿಡುತ್ತವೆ. ಮೇಲೆ ಬರುವುದು ಬರೀ ಹಸಿ ಮಣ್ಣಿನ ವಾಸನೆ.

ಆ ಜೀವಿಗಳಿಗೆ ಅವರಿಟ್ಟ ಹೆಸರು ಬೀಗರು. ಊಟ ಕಡಿಮೆಯಾದರೆ ಮುನಿಸು, ಹೆಚ್ಚಾದರೆ ಅಜೀರ್ಣ, ನೀರು ತಡವಾದರಂತೂ ಎದ್ದೇ ಹೋಗುತ್ತಾರೆ ಎಂದು ನಗಿಸುತ್ತಿದ್ದರು. ಹಾಗಾದರೆ ನಿಮ್ಮ ಕಡೆಯವರೇ ಇರಬೇಕು ಎಂದು ನಾನು ಚುಚ್ಚುತ್ತಿದ್ದೆ. ಸಂಜೆ ಮನೆಗೆ ಬಂದರೆ ನನ್ನ ಮೈಯೆಲ್ಲ ವಾರ್ನಿಷ್ ನಾತ, ಅವರ ಅಂಗಿಯೆಲ್ಲ ಹಸಿ ಮಣ್ಣು.

ಅವರು ಹೋದರು. ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೊನೆಯ ಅಂಗಿಯನ್ನು ಒಗೆಯದೆ ಇಟ್ಟುಕೊಂಡೆ. ಬೀರುವಿನಲ್ಲಿಟ್ಟ ಅಂಗಿ ಎಷ್ಟು ದಿನ ಅಂತ ವಾಸನೆ ಹಿಡಿದುಕೊಂಡೀತು? ಅದೂ ಹೋದ ಮೇಲೆ ಊಟದ ಬಿಡುವಿನಲ್ಲಿ ತೊಟ್ಟಿಯ ಹತ್ತಿರ ಹೋಗಿ, ಮಾಸ್ಕ್ ತೆಗೆದು ನಿಲ್ಲತೊಡಗಿದೆ. ಅಲ್ಲಿ ಅವರಿದ್ದರು. ಹುಚ್ಚು ಅನ್ನುವವರು ಅನ್ನಲಿ.

ಅಷ್ಟರಲ್ಲಿ ತೊಟ್ಟಿಯೊಳಗಿನ ಚಕ್ಕೆ ಕೊಳೆತು ಮುದ್ದೆಗಟ್ಟಿ, ಗಾಳಿ ಹಾಯದಾಯಿತು. ಎಲ್ಲ ಬಗೆದು ಹೊಸದು ತುಂಬಿಸುತ್ತೇವೆ ಎಂದರು ಮೇಸ್ತ್ರಿ. ಒಳ್ಳೆಯ ಮನುಷ್ಯ, ಅವರದೇನೂ ತಪ್ಪಿಲ್ಲ, ಆದರೂ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಮೊಸರಿಗೆ ಹೆಪ್ಪು ಹಾಕುವ ಹಾಗೆ ಹಳೆಯದನ್ನು ಸ್ವಲ್ಪ ಹೊಸದಕ್ಕೆ ಬೆರೆಸಿ ಎಂದು ಬೇಡಿಕೊಂಡೆ.

"ಅದು ಹೇಗೂ ಮಾಡೋದೇ ಅಮ್ಮ. ಆದ್ರೆ ಹೆಪ್ಪು ಕೂರೋಕೆ ಟೈಮ್ ಬೇಕು. ಅಲ್ಲೀವರೆಗೂ ಘಾಟು ಹಾಗೇ ಮೇಲೆ ಬರುತ್ತೆ. ಮಾಸ್ಕ್ ಇಲ್ದೆ ಆ ಕಡೆ ಹೋಗ್ಬೇಡಿ."

ಕೇಳಿದೆನೇ? ದಿನಾ ಹೋದೆ. ಮಾಸ್ಕ್ ಹಾಕಿಕೊಂಡು ವಾಸನೆ ನೋಡುವುದು ಹೇಗೆ? ಹೊಸ ಚಕ್ಕೆಯ ಮೇಲೆ ಬಗ್ಗಿ ಎದೆ ತುಂಬ ಎಳೆದುಕೊಳ್ಳುತ್ತಿದ್ದೆ. ಬರುತ್ತಿದ್ದುದು ವಾರ್ನಿಷ್ ಘಾಟೇ. ಕಣ್ಣಲ್ಲಿ ನೀರು, ಮೂಗಿನಲ್ಲಿ ಉರಿ, ತಲೆ ಗಿರ್ರನೆ ತಿರುಗುವುದು. ನಾದಿನಿ ಕೈಹಿಡಿದು ಎಳೆದು ಬೈದಳು. ಬೀಗರು ಬರುವ ಹೊತ್ತಿಗೆ ಬಾಗಿಲಲ್ಲಿ ಯಾರಾದರೂ ಇರಬೇಡವೇ ಎಂದು ಅವಳ ಬಾಯಿ ಮುಚ್ಚಿಸಿದೆ.

ಬರುಬರುತ್ತಾ ಘಾಟು ಇಳಿಯಿತು. ಬೀಗರು ಪಂಕ್ತಿಗೆ ಕೂತರು ಎಂದು ಹಿಗ್ಗಿದೆ. ಘಾಟು ಪೂರ್ತಿ ಹೋಯಿತು. ಮಣ್ಣಿನ ವಾಸನೆ ಮಾತ್ರ ಬರಲಿಲ್ಲ. ಇವತ್ತಲ್ಲ ನಾಳೆ ಬಂದೀತು ಎಂದು ಕಾದೆ.

ಒಂದು ಮಧ್ಯಾಹ್ನ ನಾದಿನಿ ನನ್ನನ್ನು ಹುಡುಕಿಕೊಂಡು ಬಂದವಳು ತೊಟ್ಟಿಯ ಹತ್ತಿರ ನಿಂತುಬಿಟ್ಟಳು. ಮಾಸ್ಕ್ ಕೆಳಗೆಳೆದಳು. ಉದ್ದಕ್ಕೆ ಉಸಿರೆಳೆದುಕೊಂಡಳು.

"ಅತ್ತಿಗೆ, ಬಂದಿದೆ. ಅಣ್ಣನ ಅಂಗಿ ವಾಸನೆ."

ಬಗ್ಗಿ ಎಳೆದೆ. ಇನ್ನೊಮ್ಮೆ ಎಳೆದೆ. ಏನೂ ಇಲ್ಲ. ಊಟದ ಡಬ್ಬಿ ತೆರೆದು ಮೂಸಿದೆ, ಅದೂ ಇಲ್ಲ. ವಾರ್ನಿಷ್ ಮೆತ್ತಿದ ನನ್ನ ತೋಳು ಮೂಸಿದೆ, ನೀರಿನಷ್ಟು ಸಪ್ಪೆ. ಅಯ್ಯೋ, ಇಷ್ಟು ದಿನ ಇಳಿದದ್ದು ಘಾಟಲ್ಲ, ನನ್ನ ಮೂಗು. ಅಲ್ಲೇ ಕೂತು ಅತ್ತುಬಿಟ್ಟೆ. ನಾದಿನಿ ಆವತ್ತು ಬೈಯಲಿಲ್ಲ.

ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಬಂದರೂ ಬರಬಹುದು, ಆಸೆ ಮಾತ್ರ ಇಟ್ಟುಕೊಳ್ಳಬೇಡಿ ಎಂದರು. ಈಗ ಊಟದ ಬಿಡುವಿನಲ್ಲಿ ಇಬ್ಬರೂ ಹೋಗುತ್ತೇವೆ. ಅವಳು ಕಣ್ಣುಮುಚ್ಚಿ ಉಸಿರೆಳೆದುಕೊಳ್ಳುತ್ತಾಳೆ, ನಾನು ಅವಳ ಮುಖ ನೋಡುತ್ತೇನೆ. ಒಡಹುಟ್ಟಿದ ತಂಗಿಯಂಥವಳ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

"ಇದಾರಾ?" ಎಂದು ಕೇಳುತ್ತೇನೆ.

"ಇದಾರೆ ಅತ್ತಿಗೆ."

ದಿನಾ ಹಾಗೇ ಹೇಳುತ್ತಾಳೆ. ಸುಳ್ಳು ಹೇಳಿದರೂ ಇನ್ನು ನನಗೆ ಗೊತ್ತಾಗುವುದಿಲ್ಲ.