ಪಾರ್ವತಿಬಾಯಿಯ ಶನಿವಾರ

ಪಾರ್ವತಿಬಾಯಿಗೆ ತನ್ನ ಬೀಗತಿಯ ಮೇಲಿದ್ದ ಹೊಟ್ಟೆಕಿಚ್ಚು ಹುಮನಾಬಾದಿನ ಓಣಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲವೆಂದುಕೊಂಡವಳು ಅವಳೊಬ್ಬಳೇ. ಸೊಲ್ಲಾಪುರದಲ್ಲಿ ನೌಕರಿ ಮಾಡುವ ಮಗ ಸಂಜೀವಕುಮಾರ ಹೆಂಡತಿ ಶೀತಲ್ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದರೆ ಶನಿವಾರ ತಾಯಿಯ ಮನೆ, ಭಾನುವಾರ ಬಸವಕಲ್ಯಾಣದ ಅತ್ತೆ ಸುಮನಬಾಯಿಯ ಮನೆ. ಹಂಚಿಕೆ ಸರಿಯಾಗಿಯೇ ಇತ್ತು. ಆದರೆ ದೀಪಾವಳಿಗೆ ಬಂದುಹೋದ ಮೇಲೆ ಆರು ವರ್ಷದ ದೀಪಾಲಿ ಫೋನಿನಲ್ಲಿ, "ಕಲ್ಯಾಣದ ಆಯಿ ನಮಗ ಕಿಲ್ಲಾ ತೋರಿಸಿದಳು!" ಎಂದು ಕೋಟೆಯ ಸುದ್ದಿಯನ್ನೇ ಒಂದೇ ಸಮನೆ ಹಾಡಿದ್ದಳು. ಹುಮನಾಬಾದಿನ ಅಜ್ಜಿ ಮಾಡಿದ ಹೋಳಿಗೆಯ ಸುದ್ದಿಯೇ ಇಲ್ಲ! ಅಂದಿನಿಂದ ಪಾರ್ವತಿಬಾಯಿ ಒಳಗೊಳಗೇ ಕುದಿಯುತ್ತಿದ್ದಳು.

೨೦೦೨ರ ಜನವರಿಯಲ್ಲಿ ಒಂದು ಶುಕ್ರವಾರ ರಾತ್ರಿ ಬಂದಾಗ ಇನ್ನೊಂದು ಮಾತು ಹುಟ್ಟಿತು. ಬೇಸಿಗೆಯಲ್ಲಿ ಶೀತಲ್‌ಗೆ ಬಿ.ಎಡ್. ಪರೀಕ್ಷೆ; ಶಾಲೆಯ ಸೂಟಿಯ ಇಡೀ ತಿಂಗಳು ಮಕ್ಕಳನ್ನು ಒಬ್ಬ ಅಜ್ಜಿಯ ಬಳಿ ಬಿಡಬೇಕು. ಯಾರ ಬಳಿ?

"ಐತ್ವಾರ ಸಂಜೀಕ ಹುಡುಗ್ರೇ ಹೇಳ್ಲಿ" ಎಂದು ಸಂಜೀವಕುಮಾರ ತೀರ್ಮಾನವನ್ನು ಭಾನುವಾರಕ್ಕೆ ತಳ್ಳಿ ಜಾರಿಕೊಂಡ.

ಪಾರ್ವತಿಬಾಯಿ ಆಗಲೇ ಲೆಕ್ಕ ಹಾಕಿದಳು. ಶನಿವಾರ ಮಕ್ಕಳನ್ನು ಎಷ್ಟು ಸುತ್ತಿಸಬೇಕೆಂದರೆ, ಭಾನುವಾರ ಕಿಲ್ಲಾದ ಹೆಸರು ಕೇಳಿದರೇ ಅವುಗಳ ಕಾಲು ನೋಯಬೇಕು!

ಬೆಳಗಿನ ಆರಕ್ಕೇ ಅಲ್ಲಾಬಕ್ಷನ ಬಾಡಿಗೆ ಜೀಪು ಬಾಗಿಲಿಗೆ ಬಂತು. ಮಾಣಿಕನಗರದಲ್ಲಿ ದೇವರ ದರ್ಶನ. ಅಲ್ಲಿಂದ ದುಬಲಗುಂಡಿಯ ಅಣ್ಣನ ಹೊಲದಲ್ಲಿ ಬಿಸಿಬಿಸಿ ಸೀತನಿ. ಹಸಿ ಜೋಳದ ತೆನೆ ಸುಟ್ಟು ಉಜ್ಜಿ ಕೊಟ್ಟರೆ ಮಕ್ಕಳು ಮೂಗಿಗೂ ಮಸಿ ಹಚ್ಚಿಕೊಂಡು ತಿಂದವು. ಟ್ರ್ಯಾಕ್ಟರಿನಲ್ಲಿ ಎರಡು ಸುತ್ತು. ಆಮೇಲೆ ಹುಡಗಿ ಊರಿನಲ್ಲಿ ತಂಗಿಯ ಮನೆಯ ಎಳೆಗರು. ಅಲ್ಲಿ ನಾಲ್ಕು ವರ್ಷದ ಪೂನಮ ಎರಡೂ ಕೈ ಚಾಚಿದಳು.

"ಆಯಿ, ಎತ್ತಿಕೋ."

"ನಡಿಯವ್ವಾ ನಡಿ, ಇನ್ನಾ ಬಜಾರಕ್ಕ ಹೋಗಾದದ!"

ಬಜಾರದಲ್ಲಿ ಬಳೆ, ಗಾಳಿ ತುಂಬಿದ ಪುಗ್ಗೆ, ಐಸ್‌ಕ್ರೀಮು. ಕಡೆಗೆ ಅಲ್ಲಾಬಕ್ಷನೇ, "ಅಮ್ಮಾ, ಗಾಡಿಗರ ಆರಾಮ ಬ್ಯಾಡೇನ್ರಿ?" ಎಂದ. ಮಕ್ಕಳು ಉಣ್ಣದೆ ಬಿದ್ದುಕೊಂಡವು. ಪಾರ್ವತಿಬಾಯಿ ಮಾತ್ರ ಗೆದ್ದೆನೆಂದು ಹಿಗ್ಗಿದಳು.

ಮರುದಿನ, "ಬೀಗರನ್ನ ನೋಡಿ ಭಾಳ ದಿನಾ ಆಯ್ತು, ನಾನೂ ಬರ್ತೀನಿ" ಎಂದು ಅವಳೂ ಜೀಪು ಹತ್ತಿದಳು. ನೋಡಬೇಕಾಗಿದ್ದದ್ದು ಬೀಗತಿಯ ಸಪ್ಪೆ ಮುಖವನ್ನು, ಅಷ್ಟೆ.

ಬಸವಕಲ್ಯಾಣದಲ್ಲಿ ಸುಮನಬಾಯಿ ಕಿಲ್ಲಾಕ್ಕೆಂದು ಬುತ್ತಿ ಕಟ್ಟಿ ತಯಾರಾಗಿದ್ದಳು.

"ಕಿಲ್ಲಾ ಬ್ಯಾಡ ಆಯಿ, ಕಾಲು ನೋಯಾಕತ್ತಾವ" ಎಂದಳು ದೀಪಾಲಿ.

ಬುತ್ತಿಯ ಗಂಟನ್ನು ಮತ್ತೆ ಬಿಚ್ಚುವಾಗ ಸುಮನಬಾಯಿಯ ಮುಖ ನಿಜಕ್ಕೂ ಬಾಡಿತು. ಪಾರ್ವತಿಬಾಯಿಗೆ ಸಕ್ಕರೆ ತಿಂದಷ್ಟು ಖುಷಿ. ಎರಡು ಕಪ್ ಚಹಾ ಕುಡಿದಳು.

ಸುಮನಬಾಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಒಂದು ತೊಡೆಯ ಮೇಲೆ ದೀಪಾಲಿ, ಇನ್ನೊಂದರ ಮೇಲೆ ಪೂನಮ, ತಲೆಯಿಟ್ಟ ಹಾಗೇ ನಿದ್ದೆಹೋದವು. ಪೂನಮ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಸುಮನಬಾಯಿ ಕಾಲು ಜೋಮು ಹಿಡಿದರೂ ಅಲುಗಾಡದೆ ಇಬ್ಬರ ತಲೆಯನ್ನೂ ಸವರುತ್ತ ಕೂತಳು. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು.

ಪಾರ್ವತಿಬಾಯಿಯ ಹೊಟ್ಟೆ ಈಗ ನಿಜವಾಗಿ ಉರಿಯತೊಡಗಿತು. ನಿನ್ನೆ ಇಡೀ ದಿನದಲ್ಲಿ ಇವೆರಡರಲ್ಲಿ ಒಂದಾದರೂ ತನ್ನ ತೊಡೆಯೇರಿತ್ತೇ? ದಣಿಸಿದವಳು ತಾನು, ಮಡಿಲು ತುಂಬಿದ್ದು ಬೀಗತಿಗೆ!

"ಏಳ್ರವ್ವಾ ಏಳ್ರಿ! ಕಿಲ್ಲಾ ನೋಡಿ ಬರೂನು!" ಎಂದು ಅವಳೇ ಕೂಗಿದಳು.

"ಮಲಗ್ಲಿ ಬಿಡ್ರಿ ಬೀಗರ. ಕಿಲ್ಲಾ ಎಲ್ಲಿ ಓಡಿ ಹೋಗ್ತದ?" ಎಂದಳು ಸುಮನಬಾಯಿ, ಮೆತ್ತಗೆ.

ನಾಲ್ಕಕ್ಕೆ ಸೊಲ್ಲಾಪುರದ ಬಸ್ಸಿಗೆ ಹೊತ್ತಾಯಿತು. ಸಂಜೀವಕುಮಾರ ದೀಪಾಲಿಯನ್ನು ಎಬ್ಬಿಸಿ ಸೂಟಿಯ ಮಾತು ಕೇಳಿದ.

"ಇಲ್ಲೇ ಇರ್ತೀವಿ" ಎಂದಳು ಅವಳು ಕಣ್ಣುಜ್ಜುತ್ತ.

"ಯಾಕವ್ವಾ?" ಎಂದಳು ಪಾರ್ವತಿಬಾಯಿ, ಕೂತಲ್ಲೇ ಮುಂದೆ ಬಾಗಿ.

"ಇಲ್ಲಿ ಮಲಗಾಕ ಬಿಡ್ತಾರ."

ಸುಮನಬಾಯಿಗೆ ಬೀಗತಿಯ ಮುಖ ನೋಡಲಾಗಲಿಲ್ಲ. ಪೂನಮಳ ಮುಷ್ಟಿಯಿಂದ ಸೆರಗು ಬಿಡಿಸಿ, ಎತ್ತಿ ತಂದು, ಪಾರ್ವತಿಬಾಯಿಯ ತೊಡೆಯ ಮೇಲೆ ಮಲಗಿಸಿದಳು. ಮಗು ಅರೆಗಣ್ಣು ತೆರೆದು ಯಾರ ತೊಡೆಯೆಂದು ನೋಡಿತು.

"ಈಗ ಎಲ್ಲಿಗಿ ಹೋಗಾದದ, ಆಯಿ?"

"ಎಲ್ಲೂ ಇಲ್ಲ ನನ್ನವ್ವಾ, ಮಲಗು" ಎಂದಳು ಪಾರ್ವತಿಬಾಯಿ.

ಪೂನಮ ಆಗಲೇ ಕೆಳಗಿಳಿದು ಚಪ್ಪಲಿ ಹುಡುಕುತ್ತಿದ್ದಳು.